ಸ್ವರ ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ!

ನೆರೆಮನೆಯ ಅಜ್ಜಿಗೆ ಮೊಮ್ಮಗಳ ನಿಕಾಹ್‌ಗೆ ಹೋಗಲಾಗಲಿಲ್ಲ. ಮದುವೆ ನಡೆದದ್ದು ಸೌದಿಯ ದಮಾಮ್‌ನಲ್ಲಿ. ಅಜ್ಜಿಗೆ ಆಗಷ್ಟೇ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. "ಬೇಸರ ಮಾಡಬೇಡಿ ಅಜ್ಜಿ, ನಾನು ಎಲ್ಲವನ್ನೂ ವಿಡಿಯೋ ಮಾಡಿ ಕಳಿಸುತ್ತೇನೆ. ನೀವು ಟಿವಿಯಲ್ಲಿ ದೊಡ್ಡದಾಗಿ ನೋಡಿ" ಎಂದು ಮೊಮ್ಮಗ ಸಮಾಧಾನ ಹೇಳಿದ್ದ. ಹೇಳಿದಂತೆಯೇ ರಜೆಯಲ್ಲಿ ಊರಿಗೆ ಬರುವವರ ಕೈಯಲ್ಲಿ ಒಂದು ಪೆನ್‌ಡ್ರೈವ್ ಕಳಿಸಿಕೊಟ್ಟ.

ಆ ದಿನ ಮಗ್ರಿಬ್ ಕಳೆದ ಮೇಲೆ ನಮ್ಮನ್ನೂ ಕರೆದಿದ್ದರು. ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು ಟಿವಿಯ ಎದುರಿನ ಕುರ್ಚಿಯಲ್ಲಿ ಮುಂಚಿತವಾಗಿಯೇ ಕುಳಿತಿದ್ದರು. ಪೆನ್‌ಡ್ರೈವ್ ಚುಚ್ಚಿದ್ದಾಯಿತು, ರಿಮೋಟ್ ಒತ್ತಿದ್ದಾಯಿತು. ನಿಕಾಹ್‌ನ ಖುತ್ಬಾ ಸ್ಪಷ್ಟವಾಗಿ ಕೇಳಿಸಿತು. ಮಕ್ಕಳ ಗಲಾಟೆ, ಹೆಂಗಸರ ನಗು, ಪಾತ್ರೆಗಳ ಸದ್ದು ಎಲ್ಲವೂ ಕೇಳಿಸಿತು. ಆದರೆ ಪರದೆ ಮಾತ್ರ ಕಪ್ಪು.

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಬಳಿಕ ಮೆಲ್ಲಗೆ ಕೇಳಿದರು, "ನನಗೆ ಮಾತ್ರ ಕಾಣದಿರುವುದೋ, ನಿಮಗೂ ಕಾಣುವುದಿಲ್ಲವೋ?"

ಯಾರೂ ಒಂದು ಕ್ಷಣ ಮಾತಾಡಲಿಲ್ಲ. ಸೊಸೆಯೇ ಮೊದಲು ಸಾವರಿಸಿಕೊಂಡು, "ನಮಗೂ ಕಾಣುವುದಿಲ್ಲ ಅತ್ತೆ. ಪೆನ್‌ಡ್ರೈವ್ ಹಾಳಾಗಿರಬೇಕು. ಇದನ್ನು ಡಿಲೀಟ್ ಮಾಡಿ ಇನ್ನೊಂದು ಕಳಿಸಲು ಹೇಳುವ" ಎಂದರು. ಮೊಮ್ಮಗನಿಗೆ ಫೋನ್ ಮಾಡಿದರೆ ಅವನದ್ದು ಬೇರೆಯೇ ಕಥೆ. ಫೋನಿನಲ್ಲಿ ಜಾಗವಿಲ್ಲವೆಂದು ಪೆನ್‌ಡ್ರೈವ್‌ಗೆ ಹಾಕಿದ ಮರುದಿನವೇ ಅವನು ಆ ವಿಡಿಯೋಗಳನ್ನು ಅಳಿಸಿಬಿಟ್ಟಿದ್ದ. ಅಂದರೆ ಆ ಮದುವೆಯ ಏಕೈಕ ಪ್ರತಿ ನಮ್ಮೆದುರಿದ್ದ ಆ ಪುಟ್ಟ ಪೆನ್‌ಡ್ರೈವ್‌ನಲ್ಲೇ ಇತ್ತು. ಸೊಸೆಯ ಬೆರಳು ರಿಮೋಟಿನ ಮೇಲೆ ಇನ್ನೊಂದು ನಿಮಿಷ ಮುಂದುವರಿದಿದ್ದರೆ ಅದೂ ಇರುತ್ತಿರಲಿಲ್ಲ.

ಓದುಗ ಸಹೋದರಿಯರೇ, ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿರಬಹುದು. ಗಂಡನೋ ಮಗನೋ ದೂರದ ಊರಿನಿಂದ ಕಳಿಸಿದ ವಿಡಿಯೋ, ಮಗುವಿನ ಮೊದಲ ಹೆಜ್ಜೆ, ಶಾಲೆಯ ವಾರ್ಷಿಕೋತ್ಸವ, ತಂಗಿಯ ಮದುವೆ. ಸ್ವರ ಕೇಳಿಸುತ್ತದೆ, ಚಿತ್ರ ಬರುವುದಿಲ್ಲ. ಆಗ ನಾವು ಮೊದಲು ಹೇಳುವ ಮಾತು "ಫೈಲ್ ಹಾಳಾಗಿದೆ" ಎಂಬುದು. ನಿಜ ಹೇಳಬೇಕೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ಫೈಲ್ ಹಾಳಾಗಿರುವುದೇ ಇಲ್ಲ. ಅದನ್ನು ಓದುವ ಯಂತ್ರಕ್ಕೆ ಅದು ಅರ್ಥವಾಗಿರುವುದಿಲ್ಲ, ಅಷ್ಟೆ. ಇದನ್ನು ಸರಿಪಡಿಸಲು ಇಂಜಿನಿಯರ್ ಆಗಬೇಕಿಲ್ಲ. ಸ್ವಲ್ಪ ತಾಳ್ಮೆ ಮತ್ತು ಕ್ರಮ ಗೊತ್ತಿದ್ದರೆ ಸಾಕು.

ಲಕೋಟೆ ಒಂದು, ಪತ್ರ ಎರಡು

ಹಿಂದೆ ಊರಿನಿಂದ ಬರುತ್ತಿದ್ದ ಪತ್ರಗಳನ್ನು ನೆನಪಿಸಿಕೊಳ್ಳಿ. ಒಂದೇ ಲಕೋಟೆಯೊಳಗೆ ಎರಡು ಪತ್ರಗಳಿವೆ ಎಂದಿಟ್ಟುಕೊಳ್ಳೋಣ. ಒಂದನ್ನು ಕನ್ನಡದಲ್ಲಿ ಬರೆಯಲಾಗಿದೆ, ಇನ್ನೊಂದನ್ನು ಉರ್ದುವಿನಲ್ಲಿ. ನಿಮಗೆ ಕನ್ನಡ ಮಾತ್ರ ಓದಲು ಬರುತ್ತದೆ. ನೀವೇನು ಮಾಡುತ್ತೀರಿ? ಕನ್ನಡದ ಪತ್ರವನ್ನು ಓದುತ್ತೀರಿ, ಉರ್ದು ಪತ್ರವನ್ನು ಬದಿಗಿಡುತ್ತೀರಿ. ಉರ್ದು ಪತ್ರ ಹಾಳಾಗಿದೆ ಎಂದು ಹರಿದು ಬಿಸಾಡುತ್ತೀರಾ? ಇಲ್ಲ. ಓದಲು ಬರುವವರನ್ನು ಹುಡುಕುತ್ತೀರಿ.

ವಿಡಿಯೋ ಫೈಲ್ ಕೂಡಾ ಇಂಥ ಲಕೋಟೆಯೇ. ಅದರೊಳಗೆ ಚಿತ್ರವೂ ಧ್ವನಿಯೂ ಬೇರೆ ಬೇರೆ ಎಳೆಗಳಾಗಿ ಇರುತ್ತವೆ. ಎರಡನ್ನೂ ಬೇರೆ ಬೇರೆ ಲಿಪಿಯಲ್ಲಿ ಬರೆಯಲಾಗಿರುತ್ತದೆ. ಈ ಲಿಪಿಗೆ ಕಂಪ್ಯೂಟರಿನವರು 'ಕೊಡೆಕ್' ಎನ್ನುತ್ತಾರೆ. ಫೈಲಿನ ಹೆಸರಿನ ಕೊನೆಗೆ ಕಾಣುವ ಎಂಪಿ4, ಎವಿಐ, ಎಂಕೆವಿ, ಎಂಒವಿ ಎಂಬ ಅಕ್ಷರಗಳು ಕೇವಲ ಲಕೋಟೆಯ ಹೆಸರು. ಒಳಗಿನ ಪತ್ರ ಯಾವ ಲಿಪಿಯಲ್ಲಿದೆ ಎಂಬುದನ್ನು ಅವು ಹೇಳುವುದಿಲ್ಲ. ಆದ್ದರಿಂದಲೇ ಒಂದು ಎಂಪಿ4 ಫೈಲ್ ನಿಮ್ಮ ಟಿವಿಯಲ್ಲಿ ಚೆನ್ನಾಗಿ ಓಡುತ್ತದೆ, ಇನ್ನೊಂದು ಎಂಪಿ4 ಕಪ್ಪು ಪರದೆ ತೋರಿಸುತ್ತದೆ.

ಧ್ವನಿ ಮಾತ್ರ ಏಕೆ ಕೇಳಿಸುತ್ತದೆ? ಧ್ವನಿಯ ಲಿಪಿಗಳಾದ ಎಂಪಿ3 ಮತ್ತು ಎಎಸಿ ಬಹಳ ವರ್ಷಗಳಿಂದ ಬಳಕೆಯಲ್ಲಿವೆ. ಹಳೆಯ ಟಿವಿ, ಹಳೆಯ ಫೋನು, ಹಳೆಯ ಕಂಪ್ಯೂಟರ್ ಎಲ್ಲಕ್ಕೂ ಅವು ಗೊತ್ತು. ಚಿತ್ರದ ಲಿಪಿ ಮಾತ್ರ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತಾ ಬಂದಿದೆ. ಹೊಸ ಫೋನು ಹೊಸ ಲಿಪಿಯಲ್ಲಿ ಬರೆಯುತ್ತದೆ, ಹಳೆಯ ಟಿವಿಗೆ ಆ ಲಿಪಿಯನ್ನು ಯಾರೂ ಕಲಿಸಿರುವುದಿಲ್ಲ.

ಇಂತಹ ಲಿಪಿ ಏಕೆ ಬೇಕು?

ಚಿತ್ರವನ್ನು ಇದ್ದ ಹಾಗೆಯೇ ಇಟ್ಟರಾಗದೇ ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ಹಾಕೋಣ. ಈಗಿನ ಫೋನ್ ತೆಗೆಯುವ ಸಾಮಾನ್ಯ ಎಚ್‌ಡಿ ವಿಡಿಯೋದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಒಟ್ಟು 20 ಲಕ್ಷಕ್ಕೂ ಮಿಕ್ಕಿ. ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಹೇಳಲು 3 ಬೈಟ್ ಬೇಕು. ಅಂದರೆ ಒಂದು ಚಿತ್ರಕ್ಕೆ ಸುಮಾರು 6 ಎಂಬಿ. ಒಂದು ಸೆಕೆಂಡಿಗೆ 25 ಚಿತ್ರಗಳೆಂದರೆ 155 ಎಂಬಿ. ಒಂದು ನಿಮಿಷಕ್ಕೆ 9 ಜಿಬಿಗೂ ಹೆಚ್ಚು! ಅರ್ಧ ಗಂಟೆಯ ಮದುವೆಯ ವಿಡಿಯೋ ಹೆಚ್ಚಿನ ಫೋನುಗಳಲ್ಲಿ ಹಿಡಿಯುತ್ತಿರಲಿಲ್ಲ.

ಆದ್ದರಿಂದ ಚಿತ್ರವನ್ನು ಮಡಚಿ ಇಡಲಾಗುತ್ತದೆ. ಮಡಚುವ ಉಪಾಯ ಸರಳ. ಮದುಮಗಳು ಕುಳಿತಿದ್ದಾಳೆ, ಹಿಂದೆ ಪರದೆ ಇದೆ, ಬದಿಯಲ್ಲಿ ಹೂವಿನ ಅಲಂಕಾರವಿದೆ. ಮುಂದಿನ ಕ್ಷಣದಲ್ಲಿ ಅವಳ ಕೈ ಮಾತ್ರ ಅಲ್ಲಾಡುತ್ತದೆ. ಪರದೆಯನ್ನೂ ಹೂವನ್ನೂ ಮತ್ತೆ ಬರೆದಿಡುವ ಅಗತ್ಯವಿದೆಯೇ? ಒಮ್ಮೆ ಪೂರ್ಣ ಚಿತ್ರವನ್ನು ಬರೆದು, ಬಳಿಕ ಏನು ಬದಲಾಯಿತು ಎಂಬುದನ್ನಷ್ಟೇ ಗುರುತು ಹಾಕಿಕೊಂಡರೆ ಸಾಕು. ಹೀಗೆ ಮಡಚುವ ಕ್ರಮಗಳೇ ಕೊಡೆಕ್‌ಗಳು. ಮಡಚಿದ ಕ್ರಮ ಗೊತ್ತಿದ್ದವರಿಗೆ ಮಾತ್ರ ಬಿಚ್ಚಲು ಸಾಧ್ಯ.

1990ರ ದಶಕದ ವಿಸಿಡಿಗಳಲ್ಲಿ ಎಂಪೆಗ್-1 ಎಂಬ ಕ್ರಮವಿತ್ತು. ಡಿವಿಡಿಗಳಿಗೆ ಎಂಪೆಗ್-2 ಬಂತು. 2000ದ ಬಳಿಕ ಕಂಪ್ಯೂಟರುಗಳಲ್ಲಿ ಡಿವ್‌ಎಕ್ಸ್, ಎಕ್ಸ್‌ವಿಡ್ ಹೆಸರುಗಳು ಕೇಳಿಬಂದವು. 2003ರಲ್ಲಿ ಎಚ್.264 ಬಂತು. ಇದು ಇಂದಿಗೂ ಎಲ್ಲ ಕಡೆ ನಡೆಯುವ ನಾಣ್ಯದಂತೆ. 2013ರಲ್ಲಿ ಅದರ ತಂಗಿ ಎಚ್.265 ಬಂತು. ಇದರ ಇನ್ನೊಂದು ಹೆಸರು ಎಚ್‌ಇವಿಸಿ. ಅದೇ ಗುಣಮಟ್ಟದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಇಡುವ ಸಾಮರ್ಥ್ಯ ಇದಕ್ಕಿದೆ. 2018ರಲ್ಲಿ ಎವಿ1 ಎಂಬುದು ಬಂತು. ಐಫೋನ್‌ಗಳು 2017ರ ಐಒಎಸ್ 11ರ ನಂತರ, ಅದಕ್ಕೆ ಶಕ್ತವಾದ ಮಾದರಿಗಳಲ್ಲಿ, ಎಚ್‌ಇವಿಸಿಯನ್ನೇ ಮೊದಲ ಆಯ್ಕೆಯಾಗಿ ಬಳಸುತ್ತಿವೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಈ ಆಯ್ಕೆ ಇದೆ.

ಮೊದಲು ಪ್ರತಿ, ಬಳಿಕ ಪ್ರಯೋಗ

ಕಪ್ಪು ಪರದೆ ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸವೇನು? ಏನನ್ನೂ ಅಳಿಸದಿರುವುದು. ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡನ್ನು 'ಫಾರ್ಮ್ಯಾಟ್ ಮಾಡಬೇಕೇ?' ಎಂದು ಯಂತ್ರ ಕೇಳಿದರೆ ಖಂಡಿತ ಒಪ್ಪಬೇಡಿ. ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ತೊಳೆದು ಹಾಕುವುದು.

ಎರಡನೆಯದಾಗಿ, ಆ ಫೈಲಿನ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಮುಂದಿನ ಎಲ್ಲ ಪ್ರಯೋಗಗಳೂ ಆ ಪ್ರತಿಯ ಮೇಲೆಯೇ ನಡೆಯಲಿ. ಮೂಲ ಹಾಗೆಯೇ ಇರಲಿ. ಮೂರನೆಯದಾಗಿ, ಕಳಿಸಿದವರಿಗೆ ತಕ್ಷಣ ಒಂದು ಮಾತು ಹೇಳಿ, "ನಾವು ನೋಡಿ ಆಯಿತು ಎನ್ನುವ ತನಕ ನಿನ್ನಲ್ಲಿರುವುದನ್ನು ಅಳಿಸಬೇಡ."

ಒಂದೊಂದಾಗಿ ಪರೀಕ್ಷಿಸಿ

1. ಬೇರೆ ವಿಡಿಯೋ ಹಾಕಿ ನೋಡಿ. ಅದೇ ಟಿವಿ ಅಥವಾ ಕಂಪ್ಯೂಟರಿನಲ್ಲಿ ಈ ಹಿಂದೆ ಸರಿಯಾಗಿ ಓಡಿದ ಒಂದು ಹಳೆಯ ವಿಡಿಯೋ ಹಾಕಿ. ಅದರಲ್ಲೂ ಚಿತ್ರ ಬಾರದಿದ್ದರೆ ದೋಷವಿರುವುದು ಯಂತ್ರದಲ್ಲಿ. ಅದು ಓಡಿ, ಹೊಸದು ಮಾತ್ರ ಓಡದಿದ್ದರೆ ಲಿಪಿಯ ಸಮಸ್ಯೆಯೆಂದು ಬಹುಮಟ್ಟಿಗೆ ತಿಳಿಯಬಹುದು.

2. ಇದೇ ಫೈಲನ್ನು ಬೇರೆ ಯಂತ್ರದಲ್ಲಿ ನೋಡಿ. ಮನೆಯಲ್ಲಿ ಹೊಸ ಫೋನ್ ಯಾರದ್ದಿದೆಯೋ ಅವರ ಫೋನಿನಲ್ಲಿ ತೆರೆಯಿರಿ. ಅಲ್ಲಿ ಚಿತ್ರ ಬಂದರೆ ಫೈಲ್ ಸುರಕ್ಷಿತವಾಗಿದೆ ಎಂದಾಯಿತು. ಮನಸ್ಸಿನ ಅರ್ಧ ಭಾರ ಅಲ್ಲಿಗೆ ಇಳಿಯುತ್ತದೆ.

3. ಕಂಪ್ಯೂಟರಿನಲ್ಲಿ ವಿಎಲ್‌ಸಿ ಹಾಕಿಕೊಳ್ಳಿ. ಇದು ಹಣ ಕೊಡಬೇಕಿಲ್ಲದ ತಂತ್ರಾಂಶ. ಪ್ಯಾರಿಸ್‌ನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿ, 2001ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಹೆಚ್ಚಿನ ಎಲ್ಲ ಕೊಡೆಕ್‌ಗಳನ್ನೂ ಇದು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆದ್ದರಿಂದ ಬೇರೆ ಏನನ್ನೂ ಸೇರಿಸುವ ಅಗತ್ಯ ಬೀಳುವುದಿಲ್ಲ. ಇದನ್ನು ತಯಾರಿಸುವ ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದಲೇ ಪಡೆಯಿರಿ. ಫೋನಿಗಾದರೆ ಪ್ಲೇ ಸ್ಟೋರ್ ಅಥವಾ ಆಪ್ ಸ್ಟೋರ್‌ನಿಂದ ಪಡೆಯಿರಿ. ಹತ್ತರಲ್ಲಿ ಹೆಚ್ಚಿನ ಸಮಸ್ಯೆಗಳು ಈ ಹಂತದಲ್ಲೇ ಮುಗಿಯುತ್ತವೆ.

4. ಒಳಗಿರುವ ಪತ್ರ ಯಾವುದೆಂದು ನೋಡಿ. ವಿಎಲ್‌ಸಿಯಲ್ಲಿ ವಿಡಿಯೋ ಓಡುತ್ತಿರುವಾಗ ಮೇಲಿನ 'ಟೂಲ್ಸ್' ಒತ್ತಿ 'ಕೊಡೆಕ್ ಇನ್ಫರ್ಮೇಶನ್' ಆರಿಸಿ. ಅಲ್ಲಿ ಚಿತ್ರದ ಎಳೆ, ಧ್ವನಿಯ ಎಳೆ ಎರಡರ ಹೆಸರೂ ಇರುತ್ತದೆ. ಚಿತ್ರದ ಎದುರು ಎಚ್‌ಇವಿಸಿ ಅಥವಾ ಎವಿ1 ಎಂದಿದ್ದರೆ ನಿಮ್ಮ ಹಳೆಯ ಟಿವಿ ಏಕೆ ಮೌನವಾಯಿತೆಂದು ತಿಳಿಯಿತು. ಧ್ವನಿಯ ಎಳೆ ಮಾತ್ರ ಇದ್ದು ಚಿತ್ರದ ಎಳೆಯೇ ಇಲ್ಲದಿದ್ದರೆ? ಆಗ ಆ ಫೈಲಿನಲ್ಲಿ ಚಿತ್ರವೇ ಇಲ್ಲ. ವಿಡಿಯೋ ಕತ್ತರಿಸುವಾಗ ಅಥವಾ ಪರಿವರ್ತಿಸುವಾಗ ಯಾರೋ ಧ್ವನಿಯನ್ನು ಮಾತ್ರ ಉಳಿಸಿದ್ದಾರೆ. ಇಂಥ ಫೈಲಿನಿಂದ ಚಿತ್ರ ಹೊರಡಿಸಲು ಯಾರಿಂದಲೂ ಆಗದು. ಮೂಲವನ್ನೇ ಕೇಳಿ ಪಡೆಯಬೇಕು.

5. ವಿಎಲ್‌ಸಿಯಲ್ಲೂ ಕಪ್ಪು ಪರದೆಯೇ? ಹಾಗಿದ್ದರೆ 'ಟೂಲ್ಸ್'ನಲ್ಲಿ 'ಪ್ರಿಫರೆನ್ಸಸ್' ತೆರೆಯಿರಿ. 'ಇನ್‌ಪುಟ್/ಕೊಡೆಕ್ಸ್' ಎಂಬಲ್ಲಿ 'ಹಾರ್ಡ್‌ವೇರ್ ಆಕ್ಸಿಲರೇಟೆಡ್ ಡಿಕೋಡಿಂಗ್' ಎಂದಿರುತ್ತದೆ. ಅದನ್ನು 'ಡಿಸೇಬಲ್' ಮಾಡಿ, 'ಸೇವ್' ಒತ್ತಿ, ವಿಎಲ್‌ಸಿಯನ್ನು ಮುಚ್ಚಿ ಮತ್ತೆ ತೆರೆಯಿರಿ. ಏನು ಮಾಡಿದೆವು? ಚಿತ್ರ ಬಿಚ್ಚುವ ಕೆಲಸವನ್ನು ಕಂಪ್ಯೂಟರಿನ ಗ್ರಾಫಿಕ್ಸ್ ಭಾಗಕ್ಕೆ ವಹಿಸಲಾಗಿತ್ತು. ಅದು ತಡವರಿಸುತ್ತಿದ್ದುದರಿಂದ ಆ ಕೆಲಸವನ್ನು ಮುಖ್ಯ ಪ್ರೊಸೆಸರ್‌ಗೆ ಕೊಟ್ಟೆವು. ಗ್ರಾಫಿಕ್ಸ್‌ನ ಡ್ರೈವರ್ ತಂತ್ರಾಂಶ ಹಳೆಯದಾಗಿದ್ದರೆ ಹೀಗಾಗುತ್ತದೆ. ವಿಂಡೋಸ್ ಅಪ್‌ಡೇಟ್ ಮಾಡಿದರೆ ಕೆಲವೊಮ್ಮೆ ಅದೂ ಸರಿಹೋಗುತ್ತದೆ.

6. ಅರಿವಿಲ್ಲದೆ ಒತ್ತಿದ ಗುಂಡಿ. ಮಕ್ಕಳ ಕೈಗೆ ಮೌಸ್ ಸಿಕ್ಕರೆ ಏನೇನೋ ಬದಲಾಗಿರುತ್ತದೆ. ವಿಎಲ್‌ಸಿಯ 'ವಿಡಿಯೋ' ಪಟ್ಟಿಯಲ್ಲಿ 'ವಿಡಿಯೋ ಟ್ರ್ಯಾಕ್' ಎಂಬುದು 'ಡಿಸೇಬಲ್' ಆಗಿದೆಯೇ ನೋಡಿ. ಗೊಂದಲವಾದರೆ 'ಪ್ರಿಫರೆನ್ಸಸ್'ನ ಕೆಳಗಿರುವ 'ರೀಸೆಟ್ ಪ್ರಿಫರೆನ್ಸಸ್' ಒತ್ತಿ. ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತದೆ. ನಿಮ್ಮ ವಿಡಿಯೋಗಳಿಗೆ ಇದರಿಂದ ಏನೂ ಆಗುವುದಿಲ್ಲ.

7. ಚಿತ್ರ ಬಂದು ನಿಂತುಹೋಗುತ್ತದೆಯೇ? ಧ್ವನಿ ಮುಂದಕ್ಕೆ ಹೋಗುತ್ತದೆ, ಚಿತ್ರ ಒಂದೇ ಕಡೆ ಹೆಪ್ಪುಗಟ್ಟುತ್ತದೆ ಎಂದಾದರೆ ಅದು ಬೇರೆ ಕಾಯಿಲೆ. ನಿಮ್ಮ ಕಂಪ್ಯೂಟರಿಗೆ ಆ ವಿಡಿಯೋ ಭಾರವಾಯಿತು. 4ಕೆ ವಿಡಿಯೋದಲ್ಲಿ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕೆಗಳಿರುತ್ತವೆ. ಹಳೆಯ ಯಂತ್ರ ಅಷ್ಟನ್ನು ಹೊತ್ತುಕೊಂಡು ಓಡಲಾರದು. ವಿಡಿಯೋವನ್ನು ಸಣ್ಣದು ಮಾಡುವುದೊಂದೇ ದಾರಿ.

ಒಂದು ತಪ್ಪು ಉಪಾಯವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕೆಲವರು ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ಅಳಿಸಿ ಎಂಪಿ4 ಎಂದು ಬರೆಯುತ್ತಾರೆ. ಅದು ಲಕೋಟೆಯ ಮೇಲಿನ ವಿಳಾಸ ತಿದ್ದಿದಂತೆ. ಒಳಗಿನ ಉರ್ದು ಪತ್ರ ಅದರಿಂದ ಕನ್ನಡವಾಗುವುದಿಲ್ಲ.

ಟಿವಿಗೆ ತಿಳಿಯುವಂತೆ ಬರೆಯಿಸುವುದು

ಕಂಪ್ಯೂಟರಿನಲ್ಲಿ ಚಿತ್ರ ಬಂತು. ಆದರೆ ಅಜ್ಜಿಗೆ ನೋಡಬೇಕಾದದ್ದು ದೊಡ್ಡ ಟಿವಿಯಲ್ಲಿ. ಟಿವಿಗೆ ಹೊಸ ಲಿಪಿ ಕಲಿಸಲು ಸಾಮಾನ್ಯವಾಗಿ ಆಗದು. ಅದರ ಜ್ಞಾನವೆಲ್ಲ ಒಳಗಿನ ಚಿಪ್‌ನಲ್ಲೇ ಇರುತ್ತದೆ. ಆದ್ದರಿಂದ ಪತ್ರವನ್ನೇ ಅದಕ್ಕೆ ತಿಳಿಯುವ ಲಿಪಿಗೆ ಬರೆಯಿಸಬೇಕು.

ಇದಕ್ಕೆ 'ಹ್ಯಾಂಡ್‌ಬ್ರೇಕ್' ಎಂಬ ಉಚಿತ ತಂತ್ರಾಂಶವಿದೆ. ಅದನ್ನು ತೆರೆದು ನಿಮ್ಮ ವಿಡಿಯೋವನ್ನು ಅದರೊಳಗೆ ಎಳೆದು ಹಾಕಿ. 'ಪ್ರೀಸೆಟ್' ಎಂಬಲ್ಲಿ 'ಫಾಸ್ಟ್ 1080ಪಿ30' ಆರಿಸಿ. ಇದು ಎಚ್.264 ಚಿತ್ರ ಮತ್ತು ಎಎಸಿ ಧ್ವನಿ ಇರುವ ಎಂಪಿ4 ಫೈಲನ್ನು ತಯಾರಿಸುತ್ತದೆ. ಎಲ್ಲಿ ಉಳಿಸಬೇಕೆಂದು ತೋರಿಸಿ, ಬೇರೆ ಹೆಸರು ಕೊಟ್ಟು, 'ಸ್ಟಾರ್ಟ್' ಒತ್ತಿ. ಕಂಪ್ಯೂಟರ್ ಹಳೆಯದಾದರೆ ಒಂದು ಗಂಟೆಯ ವಿಡಿಯೋಗೆ ಹಲವು ಗಂಟೆಗಳೇ ಬೇಕಾದೀತು. ರಾತ್ರಿ ಹಾಕಿ ಮಲಗಿ, ಬೆಳಿಗ್ಗೆ ನೋಡಿ. ಮೊದಲು ಎರಡು ನಿಮಿಷದ ಸಣ್ಣ ವಿಡಿಯೋ ಒಂದನ್ನು ಪರಿವರ್ತಿಸಿ ಟಿವಿಯಲ್ಲಿ ಹಾಕಿ ನೋಡುವುದು ಜಾಣತನ. ಅದು ಓಡಿದರೆ ಉಳಿದವೂ ಓಡುತ್ತವೆ.

ಪರಿವರ್ತನೆಯಲ್ಲಿ ಗುಣಮಟ್ಟ ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಕಣ್ಣಿಗೆ ಗೊತ್ತಾಗದಿರಬಹುದು. ಆದರೂ ಪರಿವರ್ತನೆಯಾಯಿತೆಂದು ಮೂಲವನ್ನು ಎಸೆಯಬೇಡಿ. ನಾಳೆ ಹೊಸ ಟಿವಿ ಬಂದಾಗ ಆ ಮೂಲವೇ ಚೆಂದ ಕಾಣುತ್ತದೆ.

ಪೆನ್‌ಡ್ರೈವ್‌ಗೆ ಹಾಕುವಾಗ ಇನ್ನೊಂದು ತೊಡಕು ಎದುರಾಗಬಹುದು. 'ಫ್ಯಾಟ್32' ಎಂಬ ವಿಧದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲ್ ಹಿಡಿಯುವುದಿಲ್ಲ, ಎಷ್ಟು ಜಾಗ ಖಾಲಿಯಿದ್ದರೂ ಅಷ್ಟೆ. ಆಗ ವಿಡಿಯೋವನ್ನು ಎರಡು ಮೂರು ತುಂಡು ಮಾಡಿ ಹಾಕುವುದು ಸುಲಭ.

ವಿಂಡೋಸ್‌ನ ಸ್ವಂತ ಪ್ಲೇಯರಿನಲ್ಲೇ ಎಚ್‌ಇವಿಸಿ ನೋಡಬೇಕೆನ್ನುವವರು ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ 'ಎಚ್‌ಇವಿಸಿ ವಿಡಿಯೋ ಎಕ್ಸ್‌ಟೆನ್ಶನ್ಸ್' ಪಡೆಯಬಹುದು. ಅದಕ್ಕೆ ಸಣ್ಣ ಶುಲ್ಕವಿದೆ. ವಿಎಲ್‌ಸಿ ಇರುವವರಿಗೆ ಅದರ ಅಗತ್ಯವಿಲ್ಲ.

ಕಳುಹಿಸುವವರಿಗೆ ಒಂದು ಮಾತು

ಕಾಯಿಲೆ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸು. ಪರವೂರಿನಲ್ಲಿರುವ ಮಗನಿಗೆ, ಗಂಡನಿಗೆ ಇದನ್ನು ಹೇಳಿ. ಐಫೋನ್ ಆಗಿದ್ದರೆ ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿ 'ಫಾರ್ಮ್ಯಾಟ್ಸ್' ತೆರೆದು 'ಮೋಸ್ಟ್ ಕಂಪ್ಯಾಟಿಬಲ್' ಆರಿಸಲಿ. ಆಂಡ್ರಾಯ್ಡ್ ಆಗಿದ್ದರೆ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಎಚ್‌ಇವಿಸಿ, ಎಚ್.265 ಅಥವಾ 'ಹೈ ಎಫಿಶಿಯನ್ಸಿ' ಎಂದು ಕಂಡರೆ ಅದನ್ನು ಆಫ್ ಮಾಡಲಿ. ಎಚ್‌ಡಿಆರ್ ವಿಡಿಯೋ ಆನ್ ಇದ್ದರೆ ಅದನ್ನೂ ಆಫ್ ಮಾಡುವುದು ಒಳ್ಳೆಯದು. ಹಳೆಯ ಟಿವಿಗಳಿಗೆ ಅದೂ ಅರ್ಥವಾಗುವುದಿಲ್ಲ, ಅಥವಾ ಬಣ್ಣ ಮಾಸಿದಂತೆ ಕಾಣುತ್ತದೆ.

ಇದರಿಂದ ಒಂದು ನಷ್ಟವಿದೆ. ಫೈಲಿನ ಗಾತ್ರ ಹೆಚ್ಚುತ್ತದೆ, ಫೋನು ಬೇಗ ತುಂಬುತ್ತದೆ. ಆದ್ದರಿಂದ ಮದುವೆಯಂತಹ ಮುಖ್ಯ ಸಂದರ್ಭಗಳಿಗಷ್ಟೇ ಹೀಗೆ ಮಾಡಿದರೂ ಆದೀತು.

ವಾಟ್ಸ್‌ಆಪ್‌ನಲ್ಲಿ ಕಳಿಸುವುದರಲ್ಲೂ ವ್ಯತ್ಯಾಸವಿದೆ. ಸಾಮಾನ್ಯ ವಿಡಿಯೋವಾಗಿ ಕಳಿಸಿದರೆ ವಾಟ್ಸ್‌ಆಪ್ ಅದನ್ನು ಕುಗ್ಗಿಸಿ ಹೊಸದಾಗಿ ಬರೆದು ಕಳಿಸುತ್ತದೆ. ಸ್ಪಷ್ಟತೆ ಕಡಿಮೆಯಾದರೂ ಅದು ಎಲ್ಲರ ಫೋನಿನಲ್ಲೂ ಓಡುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಮೂಲ ಹೇಗಿತ್ತೋ ಹಾಗೆಯೇ ಬರುತ್ತದೆ. ಚಿತ್ರ ಚೆಂದ, ಆದರೆ ಹಳೆಯ ಫೋನಿನಲ್ಲಿ ಕಪ್ಪು ಪರದೆ ಕಾಣಬಹುದು. ತಕ್ಷಣ ನೋಡಲು ಒಂದು, ಜೋಪಾನವಾಗಿ ಇಡಲು ಇನ್ನೊಂದು ಎಂದು ಎರಡೂ ರೀತಿಯಲ್ಲಿ ಕಳಿಸಲು ಹೇಳಿ.

'ಕೊಡೆಕ್ ಇಲ್ಲಿ ಸಿಗುತ್ತದೆ' ಎಂಬ ಬಲೆ

ಚಿತ್ರ ಬರುತ್ತಿಲ್ಲ ಎಂಬ ಆತುರದಲ್ಲಿ ನಾವು ಇಂಟರ್‌ನೆಟ್‌ನಲ್ಲಿ ಹುಡುಕುತ್ತೇವೆ. "ನಿಮ್ಮ ಕೊಡೆಕ್ ಕಾಣೆಯಾಗಿದೆ, ಇಲ್ಲಿ ಒತ್ತಿ" ಎಂಬ ದೊಡ್ಡ ಗುಂಡಿ ಕಾಣುತ್ತದೆ. ಎಚ್ಚರ! ಈ ಮೋಸ ಹೊಸದೇನಲ್ಲ. 2005-06ರ ಸುಮಾರಿಗೆ 'ಜ್ಲಾಬ್' ಎಂಬ ಕುತಂತ್ರಾಂಶ ಹರಡಿದ್ದೇ ಹೀಗೆ. ವಿಡಿಯೋ ನೋಡಲು ಬೇಕಾದ ಕೊಡೆಕ್ ಎಂಬ ವೇಷದಲ್ಲಿ ಅದು ಕಂಪ್ಯೂಟರುಗಳ ಒಳಗೆ ನುಗ್ಗುತ್ತಿತ್ತು. ವೇಷ ಬದಲಾದರೂ ಉಪಾಯ ಇಂದಿಗೂ ಅದೇ. ಯಾವುದೋ ಫೈಲ್ ತೆರೆದಾಗ ಅದು ತಾನಾಗಿ ಇನ್ನೇನನ್ನೋ ಇಳಿಸಿಕೊಳ್ಳಿ ಎಂದು ಒತ್ತಾಯಿಸಿದರೆ ಮುಚ್ಚಿಬಿಡಿ. ಫೋನಿಗೆ ಬಂದ ವಿಡಿಯೋದ ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ವಿಡಿಯೋವೇ ಅಲ್ಲ, ಆಪ್. ತೆರೆಯಲೇಬೇಡಿ.

ಮನೆಯ ವಿಡಿಯೋ ಮನೆಯಲ್ಲೇ ಇರಲಿ

ನಮ್ಮ ಮನೆಗಳ ಮದುವೆಯ ವಿಡಿಯೋ ಎಂದರೆ ಹೆಣ್ಣುಮಕ್ಕಳು ತಮ್ಮವರ ನಡುವೆ ನಿಶ್ಚಿಂತೆಯಿಂದ ನಕ್ಕು ನಲಿದ ಗಳಿಗೆಗಳು. ಅವು ಹೊರಗಿನವರ ಕಣ್ಣಿಗಾಗಿ ತೆಗೆದವಲ್ಲ. 'ಉಚಿತವಾಗಿ ಪರಿವರ್ತಿಸಿ ಕೊಡುತ್ತೇವೆ' ಎನ್ನುವ ಇಂಟರ್‌ನೆಟ್ ತಾಣಗಳಿಗೆ ಆ ವಿಡಿಯೋವನ್ನು ಏರಿಸುವುದೆಂದರೆ ಅದರ ಒಂದು ಪ್ರತಿಯನ್ನು ಗುರುತು ಪರಿಚಯವಿಲ್ಲದವರ ಕಂಪ್ಯೂಟರಿಗೆ ಕೊಟ್ಟಂತೆ. ಅವರು ಅಳಿಸುತ್ತೇವೆ ಎನ್ನಬಹುದು. ಅಳಿಸಿದ್ದನ್ನು ನೀವು ನೋಡಲು ಸಾಧ್ಯವೇ?

ಅಂಗಡಿಗೆ ಕೊಡುವಾಗಲೂ ಹೀಗೆಯೇ. ಕೊಡಲೇಬೇಕಾದರೆ ಮನೆಯವರು ಯಾರಾದರೂ ಜೊತೆಯಲ್ಲಿ ಕುಳಿತು ಮಾಡಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಅಲ್ಲಿನ ಕಂಪ್ಯೂಟರಿನಿಂದ ನಿಮ್ಮ ಫೈಲನ್ನು ಅಳಿಸಿ, 'ರೀಸೈಕಲ್ ಬಿನ್' ಕೂಡಾ ಖಾಲಿ ಮಾಡಿಸಿ. ವಿಎಲ್‌ಸಿ, ಹ್ಯಾಂಡ್‌ಬ್ರೇಕ್‌ನಂತಹ ತಂತ್ರಾಂಶಗಳ ದೊಡ್ಡ ಅನುಕೂಲವೇ ಇದು. ಇಡೀ ಕೆಲಸ ನಿಮ್ಮ ಸ್ವಂತ ಕಂಪ್ಯೂಟರಿನೊಳಗೆ ನಡೆಯುತ್ತದೆ. ವಿಡಿಯೋ ಹೊಸ್ತಿಲು ದಾಟುವುದಿಲ್ಲ.

ಇದಕ್ಕಾಗಿಯೇ ಈ ವಿದ್ಯೆಯನ್ನು ಮನೆಯ ಹೆಂಗಸರು ಕಲಿಯಬೇಕೆಂದು ನಾನು ಹೇಳುವುದು. "ಮಗ ಬಂದ ಮೇಲೆ ನೋಡೋಣ" ಎಂದು ಕಾಯುವುದೇಕೆ? ಹೊಲಿಗೆ ಯಂತ್ರದ ಬಾಬಿನ್‌ನಲ್ಲಿ ನೂಲು ಸಿಕ್ಕಿಕೊಂಡರೆ ಬಿಡಿಸುವ ನಿಮಗೆ ಇದು ಕಷ್ಟವೇನಲ್ಲ.

ಕಪಾಟಿನಲ್ಲಿರುವ ಸಿ.ಡಿ.ಗಳ ನೆನಪಾಗಲಿ

ಮತ್ತೆ ಅಜ್ಜಿಯ ಮನೆಗೆ ಬರೋಣ. ಆ ಪೆನ್‌ಡ್ರೈವ್ ಅನ್ನು ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿದೆವು. ವಿಎಲ್‌ಸಿಯಲ್ಲಿ ಚಿತ್ರ ಬಂತು. ಕೊಡೆಕ್ ನೋಡಿದರೆ ಎಚ್‌ಇವಿಸಿ. ರಾತ್ರಿ ಪರಿವರ್ತನೆಗೆ ಹಾಕಿ, ಮರುದಿನ ಅದೇ ಟಿವಿಯಲ್ಲಿ ಹಾಕಿದೆವು. ಅಜ್ಜಿ ಮೊಮ್ಮಗಳನ್ನು ನೋಡಿದರು. ಒಮ್ಮೆಯಲ್ಲ, ಮೂರು ಸಲ. "ನನ್ನ ಕಣ್ಣು ಸರಿಯಾಗಿಯೇ ಇದೆ" ಎಂದು ನಕ್ಕರು.

ಬಳಿಕ ಅವರು ಎದ್ದು ಒಳಗೆ ಹೋದರು. ಕಪಾಟಿನಿಂದ ಒಂದು ಹಳೆಯ ವಿಸಿಡಿ ತಂದು ನನ್ನ ಕೈಗಿತ್ತರು. ಇಪ್ಪತ್ತು ವರ್ಷಗಳ ಹಿಂದಿನ ಮಗಳ ಮದುವೆಯದ್ದು. "ಇದರಲ್ಲಿ ನಮ್ಮವರು ಇದ್ದಾರೆ. ಆಗ ನಡೆದಾಡುತ್ತಿದ್ದರು. ಪ್ಲೇಯರ್ ಕೆಟ್ಟ ಮೇಲೆ ನೋಡಲಿಲ್ಲ" ಎಂದರು. ಅವರ ಯಜಮಾನರು ತೀರಿಕೊಂಡು ಹಲವು ವರ್ಷಗಳಾಗಿವೆ.

ಸಹೋದರಿಯರೇ, ಇಂಥ ಸಿ.ಡಿ. ನಿಮ್ಮ ಕಪಾಟಿನಲ್ಲೂ ಇರಬಹುದು. ದಯವಿಟ್ಟು ಅದನ್ನು ಇನ್ನೂ ಅಲ್ಲೇ ಬಿಡಬೇಡಿ. ಸ್ಟುಡಿಯೋದವರು ಬರೆದುಕೊಟ್ಟ ಸಿ.ಡಿ.ಯಲ್ಲಿ ಮಾಹಿತಿ ನಿಂತಿರುವುದು ತೆಳುವಾದ ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ, ತೇವಕ್ಕೆ ಅದು ವರ್ಷಗಳಲ್ಲಿ ಮಾಸುತ್ತದೆ. ನಮ್ಮ ಕರಾವಳಿಯಂತಹ ತೇವದ ಊರಿನಲ್ಲಂತೂ ಕಾಯುವುದು ಬೇಡ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ಹೊರಗಿನ ಡಿವಿಡಿ ಡ್ರೈವ್ ಒಂದನ್ನು ಕುಟುಂಬದವರೆಲ್ಲ ಸೇರಿ ಕೊಂಡರೂ ಸಾಕು.

ಸಿ.ಡಿ.ಯನ್ನು ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತು ಸುತ್ತಾಗಿ ಉಜ್ಜಬೇಡಿ. ವಿಸಿಡಿಯಾದರೆ 'ಎಂಪೆಗ್‌ಎವಿ' ಎಂಬ ಫೋಲ್ಡರಿನಲ್ಲಿ 'ಡ್ಯಾಟ್' ಎಂಬ ಫೈಲಿರುತ್ತದೆ. ಡಿವಿಡಿಯಾದರೆ 'ವಿಡಿಯೋ_ಟಿಎಸ್' ಎಂಬ ಫೋಲ್ಡರ್ ಇರುತ್ತದೆ. ಅದನ್ನು ಕಂಪ್ಯೂಟರಿಗೆ ಪ್ರತಿ ಮಾಡಿಕೊಂಡು ವಿಎಲ್‌ಸಿಯಲ್ಲಿ ತೆರೆಯಿರಿ. ವಿಂಡೋಸ್ 8ರಿಂದೀಚೆಗೆ ವಿಂಡೋಸ್‌ನ ಜೊತೆ ಡಿವಿಡಿ ಪ್ಲೇಯರ್ ಬರುವುದಿಲ್ಲ. ಆದ್ದರಿಂದ ಡಿವಿಡಿ ಓಡದಿದ್ದರೆ ಡಿಸ್ಕ್ ಕೆಟ್ಟಿದೆಯೆಂದು ತಿಳಿಯಬೇಡಿ. ಒಂದು ಡ್ರೈವ್‌ನಲ್ಲಿ ಓದಲಾಗದ ಡಿಸ್ಕ್ ಇನ್ನೊಂದರಲ್ಲಿ ಓದಲು ಬರುವುದೂ ಉಂಟು. ಪ್ರತಿ ಮಾಡಿಕೊಂಡದ್ದನ್ನು ಎರಡು ಬೇರೆ ಬೇರೆ ಕಡೆ ಇಡಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಮಗಳ ಅಥವಾ ತಂಗಿಯ ಮನೆಯಲ್ಲಿ. ಒಂದೇ ಪ್ರತಿ ಎಂದರೆ ಪ್ರತಿಯೇ ಇಲ್ಲದಂತೆ.

ಅಜ್ಜಿಯ ವಿಸಿಡಿಯ ಮೇಲೆ ಗೀರುಗಳಿದ್ದವು. ಎರಡು ಕಡೆ ಓದದೆ ನಿಂತಿತು. ಇನ್ನೊಂದು ಡ್ರೈವ್‌ನಲ್ಲಿ ಪ್ರಯತ್ನಿಸಿದಾಗ ಹೆಚ್ಚಿನ ಭಾಗ ಬಂತು. ಚಿತ್ರ ಮಸುಕು, ಅಲ್ಲಲ್ಲಿ ಚೌಕ ಚೌಕವಾಗಿ ಒಡೆಯುತ್ತದೆ. ಆದರೂ ಬಿಳಿಯ ಅಂಗಿ ತೊಟ್ಟು, ಟೊಪ್ಪಿ ಸರಿಪಡಿಸಿಕೊಳ್ಳುತ್ತಾ ಬಾಗಿಲಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದ ವ್ಯಕ್ತಿ ಯಾರೆಂದು ಅಜ್ಜಿಗೆ ಹೇಳಬೇಕಾಗಿರಲಿಲ್ಲ. ಅವರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ಸ್ವರ ಸ್ವಲ್ಪ ಜೋರು ಮಾಡು ಮಗಳೇ" ಎಂದರು.

ಈ ವಾರ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ನಿಮ್ಮ ಕಪಾಟನ್ನು, ಹಳೆಯ ಪೆನ್‌ಡ್ರೈವ್‌ಗಳನ್ನು, ಮೂಲೆ ಸೇರಿದ ಮೆಮೊರಿ ಕಾರ್ಡ್‌ಗಳನ್ನು ಹೊರತೆಗೆಯಿರಿ. ಹಾಳಾಗಿದೆ ಎಂದು ಬದಿಗಿಟ್ಟ ಫೈಲೊಂದನ್ನು ಮತ್ತೊಮ್ಮೆ ತೆರೆದು ನೋಡಿ. ಸ್ವರ ಕೇಳಿಸುತ್ತಿದೆಯೇ? ಹಾಗಾದರೆ ಮುಖವೂ ಒಳಗೇ ಇರುವ ಸಾಧ್ಯತೆ ಹೆಚ್ಚು. ಅದನ್ನು ಓದಬಲ್ಲವರನ್ನು ಹುಡುಕುವುದಷ್ಟೇ ಬಾಕಿ.